ಎರಡನೆಯ ಗೆರೆ

“ಕೂತ್ಕೊಳ್ಳಿ” ಎಂದರು ದೊಡ್ಡ ಡಾಕ್ಟರು. ಹದಿನೆಂಟು ವರ್ಷಗಳಲ್ಲಿ ಆ ಕೋಣೆಯಲ್ಲಿ ಅವಳಿಗೆ ಯಾರೂ ಕುರ್ಚಿ ತೋರಿಸಿದ್ದಿಲ್ಲ. ಲ್ಯಾಬಿನಿಂದ ರಿಪೋರ್ಟು ಹಿಡಿದು ಬರುವುದು, ಮೇಜಿನ ಅಂಚಿಗಿಡುವುದು, ಅವರು ತಲೆಯೆತ್ತದೆ ‘ಹ್ಞೂಂ’ ಎಂದರೆ ಹಿಂದಿರುಗುವುದು, ಇಷ್ಟೇ ರೂಢಿ. ಹಾಗಾಗಿ ಕುರ್ಚಿಯನ್ನು ಕಂಡೊಡನೆ ಯಾರೋ ಸತ್ತಿರಬೇಕು ಅನ್ನಿಸಿತು. ಮಗಳು ಶಾಲೆಯಲ್ಲಿದ್ದಾಳೆ, ಗಂಡ ಅಂಗಡಿಯಲ್ಲಿದ್ದಾನೆ ಎಂದು ಒಬ್ಬೊಬ್ಬರನ್ನೇ ಅವರವರ ಜಾಗದಲ್ಲಿಟ್ಟು ನೋಡಿಕೊಂಡು ತುದಿಯಲ್ಲಿ ಕೂತಳು. ರೆಕ್ಸಿನ್ ಉಸ್ಸೆಂದಿತು. ಆ ಸದ್ದಿಗೇ ನಾಚಿಕೆಯಾಯಿತು.

ಡಾಕ್ಟರು ಮಾತ್ರ ಯಾವುದೋ ಹೊಸ ಆಟಿಕೆ ಸಿಕ್ಕವರ ಹಾಗಿದ್ದರು. ಅವರ ಮುಂದೆ ದೂರದ ದೊಡ್ಡ ಲ್ಯಾಬಿನಿಂದ ಬಂದ ಹಾಳೆಗಳಿದ್ದವು. ಹಾಳೆಯ ತುಂಬ ನಾಲ್ಕೇ ನಾಲ್ಕು ಅಕ್ಷರಗಳು ಮತ್ತೆ ಮತ್ತೆ ಹಿಂದುಮುಂದಾಗಿ, ಓದಿದರೆ ಯಾವ ಭಾಷೆಯೂ ಆಗದ ಹಾಗೆ, ಉಸಿರು ತೆಗೆದುಕೊಳ್ಳಲೂ ಎಡೆಯಿಲ್ಲದಂತೆ ಕೂತಿದ್ದವು. “ಐದು ತಿಂಗಳ ಹಿಂದೆ ಗರ್ಭಕೋಶದ ಆಪರೇಷನ್ ಆಯ್ತಲ್ಲ, ಆ ಬಸ್ ಕಂಡಕ್ಟರ್ ಹೆಂಗಸು. ರಕ್ತ ನಿಲ್ಲದೆ ಎರಡು ಬಾಟಲಿ ಕೊಟ್ಟಿದ್ವಿ. ಈಗ ಆಕೆ ಕಾಮಾಲೆ ಆಗಿ ವಾರ್ಡಲ್ಲಿದ್ದಾಳೆ, ಲಿವರ್ ಕೈಕೊಡ್ತಾ ಇದೆ. ಎಲ್ಲಿಂದ ಬಂತು ಅಂತ ಹುಡುಕಿ ಹುಡುಕಿ ಸಾಕಾಗಿತ್ತು. ನಿಮ್ಮ ಫ್ರೀಜರಲ್ಲಿ ಇಟ್ಟಿದ್ದ ಇಬ್ಬರು ದಾನಿಗಳ ಸ್ಯಾಂಪಲ್ಲೂ ಕಳಿಸಿದ್ವಲ್ಲ, ಎರಡನೇದರಲ್ಲಿ ಸಿಕ್ಕಿದೆ. ಹೆಪಟೈಟಿಸ್ ಬಿ. ಆಕೆ ಮೈಯಲ್ಲಿರೋದೂ ಇದೂ ಅಕ್ಷರಕ್ಕೆ ಅಕ್ಷರ ಒಂದೇ.”

“ನಮ್ಮ ಸ್ಟ್ರಿಪ್ಪಲ್ಲಿ ಬರ್ಲಿಲ್ಲ ಸರ್” ಎಂದಳು. ತನ್ನ ದನಿ ಪಕ್ಕದ ಕೋಣೆಯಿಂದ ಬಂದಂತೆ ಕೇಳಿತು.

“ಬರಲ್ಲ! ಅದೇ ವಿಚಿತ್ರ ನೋಡಿ. ಈ ವೈರಸ್ಸಿಗೆ ತನ್ನನ್ನೇ ನಕಲು ಮಾಡ್ಕೊಳ್ಳೋದೊಂದೇ ಕೆಲಸ. ಅದರ ಡಿಎನ್ಎ ಅಂದ್ರೆ ಮೂರು ಸಾವಿರದ ಇನ್ನೂರು ಅಕ್ಷರ. ಬರೆಯೋವಾಗ ತಪ್ಪಾಗುತ್ತೆ, ತಿದ್ದೋರು ಯಾರೂ ಇಲ್ಲ. ಮುಕ್ಕಾಲು ತಪ್ಪಿಗೆ ಅದೇ ಸತ್ತುಹೋಗುತ್ತೆ. ಅಪರೂಪಕ್ಕೆ ಒಂದು ತಪ್ಪು ಅದಕ್ಕೇ ವರವಾಗುತ್ತೆ. ಇಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ, ಅಷ್ಟಕ್ಕೇ ಹೊರಗಿನ ಕವಚದ ಒಂದು ಮೂಲೆ ಮಡಚಿಕೊಂಡಿದೆ. ನಮ್ಮ ಸ್ಟ್ರಿಪ್ ಹಿಡಿಯೋದು ಆ ಮೂಲೆಯನ್ನೇ. ಹಿಡಿಯೋಕೆ ಹೋದ್ರೆ ಜಾರುತ್ತೆ. ಲಸಿಕೆ ಕಣ್ಣಿಗೂ ಕೆಲವು ಸಲ ಮಣ್ಣೆರಚುತ್ತಂತೆ.” ಅವರು ಹಾಳೆಗಳನ್ನು ಜೋಡಿಸಿ ಮೇಜಿಗೆ ಕುಟ್ಟಿ ಸರಿಮಾಡಿದರು. “ಕರೆದಿದ್ದು ಯಾಕೆ ಅಂದ್ರೆ, ನೀವು ಮನಸ್ಸಿಗೆ ಹಚ್ಚಿಕೋಬೇಡಿ. ಯಾರು ನೋಡಿದ್ರೂ ‘ಇಲ್ಲ’ ಅಂತಾನೇ ಬರೀತಿದ್ರು. ನಿಮ್ಮ ತಪ್ಪಿಲ್ಲ. ಇನ್ನೊಂದು, ಆ ಎರಡನೇ ದಾನಿ ನಿಮ್ಮ ಮನೆಯವರ ಅಣ್ಣನೇ ಅಲ್ವಾ? ಅವರನ್ನ ಕರ್ಕೊಂಡು ಬನ್ನಿ. ಅವರ ಲಿವರ್ ಹೇಗಿದೆ ನೋಡ್ಬೇಕು. ಮನೆಯವರೆಲ್ಲರದ್ದೂ ನೋಡ್ಬೇಕು.”

ನಿಮ್ಮ ತಪ್ಪಿಲ್ಲ. ಮೆಟ್ಟಿಲಿಳಿಯುವಾಗ ಆ ಎರಡು ಪದಗಳು ಬೇರೆ ಯಾರದೋ ಅಳತೆಗೆ ಹೊಲಿಸಿದ ಬಟ್ಟೆಯ ಹಾಗೆ ಮೈಮೇಲೆ ಜೋಲುತ್ತಿದ್ದವು. ಯಾಕೆಂದರೆ ಅವಳು ನೋಡಿದ್ದಳು. ಅವತ್ತು ರಕ್ತ ಪರೀಕ್ಷಿಸುವ ದೊಡ್ಡ ಯಂತ್ರ ಕೆಟ್ಟು ಕೂತಿತ್ತು, ಆಪರೇಷನ್ ಕೋಣೆಯಿಂದ ಎರಡೆರಡು ನಿಮಿಷಕ್ಕೆ ಫೋನು, ಆ ಗುಂಪಿನ ರಕ್ತ ಒಂದೇ ಬಾಟಲಿ ಇತ್ತು. ಇನ್ನೊಂದಕ್ಕೆ ಎಲ್ಲಿಗೆ ಹೋಗುವುದು ಎಂದಾಗ ಅವಳಿಗೆ ಹೊಳೆದದ್ದು ಭಾವ. ಗಂಡನ ಅಣ್ಣ. ಅದೇ ಅಪರೂಪದ ಗುಂಪು, ಆರಡಿ ಆಳು, ಮನೆ ಹತ್ತು ನಿಮಿಷದ ದಾರಿ. “ಸೂಜಿ ಅಂದ್ರೆ ನಂಗಾಗಲ್ಲ ಕಣಮ್ಮ, ಆದ್ರೂ ನಿನ್ನ ಮುಖ ನೋಡಿ ಬಂದಿದೀನಿ” ಎಂದು ಅವನು ಮಂಚದ ಮೇಲೆ ಮಲಗಿ ಇಡೀ ಲ್ಯಾಬಿಗೆ ಕೇಳುವಂತೆ ನಕ್ಕಿದ್ದ. ಮನೆಗೆ ಯಾರಾದರೂ ಬಂದಾಗ ನಗುತ್ತಿದ್ದ ನಗು ಅದು. ‘ನಮ್ಮನೇಲಿ ಒಬ್ಬರು ವಿಜ್ಞಾನಿ ಇದ್ದಾರೆ ಗೊತ್ತಾ, ಊರವರ ಉಚ್ಚೆಯಲ್ಲಿ ಭವಿಷ್ಯ ನೋಡ್ತಾರೆ!’ ಬಂದವರೆಲ್ಲ ನಗುತ್ತಿದ್ದರು. ಓರಗಿತ್ತಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು, ಗಂಡನೂ ತಟ್ಟೆ ನೋಡುತ್ತ ನಗುತ್ತಿದ್ದ. ಹದಿನೈದು ವರ್ಷ ಅವಳೂ ನಕ್ಕಿದ್ದಳು.

ಸ್ಟ್ರಿಪ್ ಎಂಬ ಆ ಪರೀಕ್ಷೆಯ ಪಟ್ಟಿಯ ಮೇಲೆ ಮೂರು ಹನಿ ಬಿಟ್ಟು ಕಾಯಬೇಕು. ಮೇಲುಗಡೆ ಒಂದು ಕೆಂಪು ಗೆರೆ ಬಂದರೆ ಪಟ್ಟಿ ಸರಿಯಾಗಿದೆ ಎಂದು ಅರ್ಥ. ಅದರ ಕೆಳಗೆ ಎರಡನೆಯ ಗೆರೆ ಬಂದರೆ ರೋಗ. ಹದಿನೈದನೆಯ ನಿಮಿಷಕ್ಕೆ ಓದಬೇಕು. ಇಪ್ಪತ್ತು ದಾಟಿದ ಮೇಲೆ ಕಂಡದ್ದನ್ನು ನಂಬಬಾರದು ಎಂದು ಡಬ್ಬಿಯ ಮೇಲೇ ಬರೆದಿರುತ್ತದೆ. ಅವಳು ಪಟ್ಟಿಯನ್ನೆತ್ತಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಿದ್ದಳು. ಇತ್ತು. ಗೆರೆಯೆನ್ನಲಾಗದು. ದಿನವೆಲ್ಲ ಕಟ್ಟಿದ ಗಡಿಯಾರ ಬಿಚ್ಚಿದ ಮೇಲೆ ಮಣಿಕಟ್ಟಿನಲ್ಲಿ ಉಳಿಯುತ್ತದಲ್ಲ, ಅಷ್ಟು. ಆಗ ಆಚೆಯ ಮಂಚದಿಂದ ಭಾವ ಕೂಗಿದ್ದ: “ಏನಮ್ಮ, ನನ್ನ ರಕ್ತದಲ್ಲಿ ಏನಾದ್ರೂ ಕಲಬೆರಕೆ ಸಿಕ್ತಾ?” ಆ ಕ್ಷಣದಲ್ಲಿ ಅವಳಿಗೆ ಖುಷಿಯಾಯಿತು. ಇದನ್ನು ಮಾತ್ರ ಅವಳು ಯಾರಿಗೂ ಹೇಳಲಾರಳು. ಅದು ಹೊಟ್ಟೆಯ ತಳದಿಂದ ಎದ್ದ ಕೊಳಕು ಖುಷಿ. ಈಗ ನಗು ಭಾವ, ನಗು. ಮರುಕ್ಷಣವೇ ತನ್ನ ಬಗ್ಗೆ ತನಗೇ ಹೇಸಿಗೆಯಾಗಿ ಬೆವರಿದಳು. ಇಲ್ಲದ ಗೆರೆಯನ್ನು ತನ್ನ ಹಗೆಯೇ ಅಲ್ಲಿ ಎಳೆದಿದೆ ಅನ್ನಿಸಿತು. ಇನ್ನೊಂದು ಪಟ್ಟಿ ಹಾಕಿದ್ದರೆ ಮತ್ತೆ ಹದಿನೈದು ನಿಮಿಷ. ಫೋನು ಬಡಿದುಕೊಳ್ಳುತ್ತಿತ್ತು. ಆ ಖುಷಿಯನ್ನು ಶಿಕ್ಷಿಸುವವಳಂತೆ, ಪೆನ್ನನ್ನು ಒತ್ತಿ ಒತ್ತಿ, ‘ಇಲ್ಲ’ ಎಂದು ಬರೆದಳು. ಪಟ್ಟಿಯನ್ನು ಕಸದ ಹಳದಿ ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡಳು.

ಲ್ಯಾಬಿಗೆ ಬಂದವಳು ಊಟದ ಹೊತ್ತಿಗಾಗಿ ಕಾದಳು. ಜೊತೆಯ ಹುಡುಗಿ ಡಬ್ಬಿ ಹಿಡಿದು ಹೊರಗೆ ಹೋದ ಮೇಲೆ ಫ್ರೀಜರಿನಿಂದ ಭಾವನ ಸ್ಯಾಂಪಲ್ಲಿನ ನಳಿಕೆ ತೆಗೆದಳು. ತಳದಲ್ಲಿ ನಾಲ್ಕಾರು ಹನಿ ಉಳಿದಿತ್ತು, ತಿಳಿಹಳದಿ, ಯಾವ ಅಪರಾಧವೂ ಇಲ್ಲದ ಬಣ್ಣ. ಅದೇ ಕಂಪನಿಯ ಪಟ್ಟಿ, ಅದೇ ಕಿಟಕಿ. ಗಡಿಯಾರ ಎದುರಿಗಿಟ್ಟುಕೊಂಡು ಕೂತಳು. ಮೇಲಿನ ಗೆರೆ ತಟ್ಟನೆ ಮೂಡಿತು. ಕೆಳಗೆ ಬಿಳುಪು. ಹತ್ತು ನಿಮಿಷ, ಬಿಳುಪು. ಹದಿನೈದಕ್ಕೂ ಬಿಳುಪೇ. ಎದೆಯಿಂದ ಉಸಿರೊಂದು ಇಳಿಯತೊಡಗಿತು. ಡಾಕ್ಟರು ಹೇಳಿದ್ದೇ ನಿಜ, ತಾನು ಏನನ್ನೂ ನೋಡಿರಲಿಲ್ಲ. ಎಸೆಯಲೆಂದು ಎತ್ತಿಕೊಂಡಾಗ ಇಪ್ಪತ್ತೆರಡು ನಿಮಿಷವಾಗಿತ್ತು, ಮತ್ತು ಬಿಳುಪಿನೊಳಗೆ ಏನೋ ಇತ್ತು. ಅಥವಾ ಒಣಗಿದ ನೀರಿನ ಗುರುತು. ಕಣ್ಣು ಮುಚ್ಚಿ ತೆರೆದರೆ ಹೋಗುತ್ತಿತ್ತು. ಬೇರೆ ಕಡೆ ನೋಡಿ ತಿರುಗಿದರೆ, ಅದೂ ತನ್ನನ್ನೇ ನೋಡಿ ತಿರುಗಿದಂತೆ, ಇರುತ್ತಿತ್ತು. ಅವತ್ತು ತಾನು ಎಷ್ಟನೆಯ ನಿಮಿಷಕ್ಕೆ ನೋಡಿದ್ದು? ಎಷ್ಟು ಕೆದಕಿದರೂ ಫೋನಿನ ಸದ್ದು ನೆನಪಾಗುತ್ತಿತ್ತೇ ಹೊರತು ಗಡಿಯಾರದ ಮುಳ್ಳು ನೆನಪಾಗಲಿಲ್ಲ. ಕೊನೆಯ ಹನಿಯೂ ಮುಗಿದಿತ್ತು. ಇನ್ನು ಈ ಜನ್ಮದಲ್ಲಿ ಅದು ಗೊತ್ತಾಗುವುದಿಲ್ಲ ಎಂಬುದು, ಆ ಮಧ್ಯಾಹ್ನದ ಬೆಳಕಿನಲ್ಲಿ, ಬೆನ್ನ ಹಿಂದೆ ಯಾರೋ ಬಂದು ನಿಂತಂತೆ ಅವಳಿಗೆ ತಿಳಿಯಿತು.

ಸಂಜೆ ಭಾವ ಜಗಲಿಯಲ್ಲಿ ಕೂತು ಅವಳ ಮಗಳ ಸೈಕಲ್ಲಿನ ಸರಪಳಿಗೆ ಎಣ್ಣೆ ಬಿಡುತ್ತಿದ್ದ. ಹೇಗೆ ಶುರುಮಾಡುವುದೆಂದು ತಿಳಿಯದೆ ಅವಳು ಚಪ್ಪಲಿಯನ್ನೂ ಬಿಡದೆ ನಿಂತಳು. ರಕ್ತ ಕೊಟ್ಟ ಮೇಲೆ ಅವನು ಆ ಕಥೆಯನ್ನು ಬೀದಿಯಲ್ಲಿ ಹೇಳದ ಬಾಗಿಲಿರಲಿಲ್ಲ. ‘ಯಾವ ಮೈಯಲ್ಲಿ ಓಡ್ತಾ ಇದೆಯೋ ನನ್ನ ರಕ್ತ! ಯಾರಾದ್ರೂ ಬೀದಿಯಲ್ಲಿ ನನ್ನ ಹಾಗೆ ನಕ್ಕರೆ ಅವರೇ ಅಂತ ತಿಳ್ಕೊಳ್ಳಿ.’ ಈಗ ಅವಳು, ತುಂಡು ತುಂಡಾಗಿ, ಡಾಕ್ಟರು ಹೇಳಿದ್ದನ್ನು ಹೇಳಿದಳು. ಯಾರಿಗೆ ಏನಾಯಿತೆಂದು ಮಾತ್ರ ಹೇಳಲಿಲ್ಲ. ಅವನು ನಕ್ಕ.

“ನಂಗಾ? ನೆಗಡಿ ಆಗಿ ಎಷ್ಟು ವರ್ಷ ಆಯ್ತು ಕೇಳು ನಿಮ್ಮಕ್ಕನ್ನ. ಯಾರದ್ದೋ ಸೀಸೆ ಯಾರದ್ದೋ ಹೆಸರಿಗೆ ಬಂದಿರುತ್ತೆ ಬಿಡು. ನಿಮ್ಮ ಆಸ್ಪತ್ರೆ ಹಣೆಬರಹ ನಂಗೊತ್ತಿಲ್ವಾ?”

“ಇಲ್ಲ ಭಾವ. ನಾನೇ ಚೀಟಿ ಅಂಟಿಸಿದ್ದು.”

“ಮತ್ತೆ ಅವತ್ತು ನೀನೇ ನೋಡಿ ಏನೂ ಇಲ್ಲ ಅಂದೆ?”

ಅವಳು ಬಾಯಿ ತೆರೆದಳು. ಹೇಳಬಹುದಿತ್ತು. ‘ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ’ ಎಂದು ಅತ್ತೆ ಬದುಕಿದ್ದಾಗ ಮಾತುಮಾತಿಗೆ ಅನ್ನುತ್ತಿದ್ದದ್ದು ನೆನಪಾಗಿ, ಬಾಯಿಂದ ಹೊರಟದ್ದು ಡಾಕ್ಟರ ಮಾತಾಯಿತು. “ಅದು ಬದಲಾದ ಜಾತಿ ಭಾವ. ಟೆಸ್ಟಿಗೆ ಸಿಗಲ್ಲ.” ಭಾವ ಎಣ್ಣೆಯಾದ ಕೈಯನ್ನು ನೋಡಿಕೊಂಡ. ಹಿಂದೆ ಮುಂದೆ ತಿರುಗಿಸಿ, ತನ್ನದಲ್ಲದ ಯಾವುದನ್ನೋ ಎತ್ತಿಕೊಂಡವನಂತೆ ನೋಡಿಕೊಂಡ. ಆಮೇಲೆ ಮಗಳ ಸೈಕಲ್ಲನ್ನು ಮುಟ್ಟದೆ, ಕಾಲಿನಿಂದ ಮೆಲ್ಲಗೆ ಗೋಡೆಗೆ ಸರಿಸಿದ.

ಸ್ಕ್ಯಾನ್ ಮಾಡಿದ ದಿನ ಅವಳೇ ಜೊತೆಗೆ ಹೋಗಿದ್ದಳು. ಲಿವರ್ ಅಷ್ಟಿಷ್ಟು ಗಟ್ಟಿಯಾಗಿದೆ, ಬಲಗಡೆ ಗಡ್ಡೆಯಂಥ ಒಂದು ಮಚ್ಚೆ ಇದೆ, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು ಎಂದರು. ಹುಟ್ಟುವಾಗಲೋ ಹುಡುಗನಾಗಿದ್ದಾಗಲೋ ವೈರಸ್ಸು ಹೊಕ್ಕಿರಬೇಕು, ಇಷ್ಟು ವರ್ಷ ಒಳಗೇ ಕೂತು ನಕಲು ಮಾಡಿಕೊಳ್ಳುತ್ತ ಇತ್ತು. “ಐದು ತಿಂಗಳ ಹಿಂದೆ ನೋಡಿದ್ರೆ ಈ ಮಚ್ಚೆ ಇರ್ತಿತ್ತಾ ಸರ್?” ಎಂದು, ಭಾವ ಹೊರಗೆ ಹೋದಾಗ ಅವಳೊಬ್ಬಳೇ ಹಿಂದುಳಿದು ಕೇಳಿದಳು. “ಇದ್ರೂ ಇರಬಹುದು, ಇಲ್ದೇನೂ ಇರಬಹುದು. ಇದ್ದಿದ್ರೆ ಸಾಸಿವೆಯಷ್ಟಿರ್ತಿತ್ತು, ಸುಲಭ ಆಗ್ತಿತ್ತು. ಅದನ್ನೆಲ್ಲ ಈಗ ಯಾಕೆ?” ಎಂದರು ಡಾಕ್ಟರು. ಅವಳು ಆಗ ಹೇಳಿಯೇಬಿಟ್ಟಳು, ಅವತ್ತು ತನಗೆ ಏನೋ ಕಂಡಂತಾಗಿತ್ತು ಎಂದು. ಅವರು ಅವಳನ್ನು ಒಮ್ಮೆ, ರೋಗಿಯನ್ನು ನೋಡುವಂತೆ, ನೋಡಿದರು. ಬಾಗಿಲು ಹಾಕಿದೆಯೇ ಎಂದು ನೋಡಿದರು. “ನೋಡಿ, ಇಂಥ ಸಮಯದಲ್ಲಿ ಮನಸ್ಸು ಆಟ ಆಡುತ್ತೆ. ಗೊತ್ತಾದ ಮೇಲೆ ಎಲ್ಲರಿಗೂ ಮೊದಲೇ ಕಂಡಿತ್ತು ಅನ್ಸುತ್ತೆ. ಈ ಮಾತು ನೀವು ಹೇಳಿಲ್ಲ, ನಾನು ಕೇಳಿಲ್ಲ. ಆ ಕಂಡಕ್ಟರ್ ಮನೆಯವರಿಗೆ ನಾನೇ ಎಲ್ಲ ವಿವರಿಸಿದೀನಿ, ಪಾಪ, ಅರ್ಥ ಮಾಡ್ಕೊಂಡಿದ್ದಾರೆ.” ಆಟೋದಲ್ಲಿ ಭಾವ ಹೊರಗೆ ನೋಡುತ್ತ ಅಂದ: “ನೀನು ಆ ಕೆಲಸದಲ್ಲಿ ಇಲ್ದೇ ಇದ್ದಿದ್ರೆ ನಂಗೆ ಇದು ಗೊತ್ತೇ ಆಗ್ತಿರ್ಲಿಲ್ಲ. ನಿನ್ನ ಏನೇನೋ ಅಂದಿದೀನಿ. ಮನಸ್ಸಲ್ಲಿ ಇಟ್ಕೋಬೇಡ.” ಹದಿನೈದು ವರ್ಷ ಕಾದಿದ್ದ ಮಾತು. ಅದು ಬಂದು ಕೈಗೆ ಬಿದ್ದಾಗ ಆಗಷ್ಟೇ ಸತ್ತ ಹಕ್ಕಿಯ ಹಾಗೆ ಬಿಸಿಯಾಗಿಯೂ ಹಗುರವಾಗಿಯೂ ಇತ್ತು.

ಮನೆಯವರೆಲ್ಲರ ರಕ್ತ ಹೋಯಿತು. ಎಲ್ಲರದೂ ಚೊಕ್ಕಟ ಎಂದು ಬಂತು, ಮಗಳದ್ದೂ. ಆದರೆ ಯಾರೂ ನಂಬಿದಂತೆ ಕಾಣಲಿಲ್ಲ. ಇಲ್ಲ ಎಂದು ಹೇಳಿದ್ದ ಪರೀಕ್ಷೆಯಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು? ಒಟ್ಟಿಗೆ ಕೂತು ಉಂಡರೆ, ಲೋಟ ಮುಟ್ಟಿದರೆ ಬರುವುದಿಲ್ಲ, ರೇಜರು, ಹಲ್ಲುಜ್ಜುವ ಬ್ರಷ್ಷು ಬೇರೆ ಇದ್ದರೆ ಸಾಕು ಎಂದು ಅವಳು ನಾಲ್ಕು ಸಲ ಹೇಳಿದಳು. ಎಲ್ಲರೂ ತಲೆಯಾಡಿಸಿದರು. ಮರುದಿನ ಭಾವನ ತಟ್ಟೆ, ಲೋಟ, ಟವೆಲು ತಾವಾಗಿಯೇ ಎದ್ದು ಹೋದಂತೆ ಒಂದು ಮೂಲೆಗೆ ಸೇರಿದವು. ಯಾರು ಇಟ್ಟದ್ದೆಂದು ಯಾರೂ ಕೇಳಲಿಲ್ಲ. ಬಹುಶಃ ಅವನೇ. ಅವನು ಈಗ ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಮನೆಯಲ್ಲಿ ನಗುವೇ ಇಲ್ಲದಾಗ ಅವಳಿಗೆ ಬೇರೆ ಸದ್ದುಗಳು ಕೇಳತೊಡಗಿದವು: ನಲ್ಲಿಯ ತೊಟ್ಟು, ಓರಗಿತ್ತಿ ಅದೇ ಲೋಟವನ್ನು ಮೂರನೆಯ ಸಲ ತೊಳೆಯುವುದು, ಭಾವ ಬಾಗಿಲ ಚಿಲಕವನ್ನು ಮುಂಗೈಯಿಂದ ತೆರೆಯುವುದು. ಈ ಮೌನದೊಳಗೆ ಅವನ ಬಲಪಕ್ಕೆಯ ಕೆಳಗೆ ಬರೆಯುವ ಕೆಲಸ ನಡೆದೇ ಇದೆ, ಮೂರು ಸಾವಿರದ ಇನ್ನೂರು ಅಕ್ಷರ, ಮತ್ತೆ ಮೊದಲಿಂದ, ಎಂದು ಪಾತ್ರೆ ಒರೆಸುತ್ತಿದ್ದವಳಿಗೆ ಹೊಳೆದು ಕೈ ನಿಲ್ಲುತ್ತಿತ್ತು. ತಟ್ಟೆಯ ಅಂಚಿನಲ್ಲಿ, ಮಗಳ ನೋಟುಪುಸ್ತಕದ ಬಿಳಿಯಲ್ಲಿ, ಸುಣ್ಣದ ಗೋಡೆಯಲ್ಲಿ, ಓರೆಯಾಗಿ ನೋಡಿದರೆ ಮಾತ್ರ ಕಾಣುವ ಗೆರೆಗಳಿದ್ದವು. ಗಂಡನನ್ನು ಕರೆದು “ಇಲ್ಲಿ ಏನಾದ್ರೂ ಕಾಣುತ್ತಾ ನೋಡಿ” ಎಂದು ಒಂದು ಸಲ ಕೇಳಿದಳು. ಅವನು ಗೋಡೆಯನ್ನೂ ಅವಳನ್ನೂ ನೋಡಿ, “ಸುಣ್ಣ ಹೊಡೆಸ್ಬೇಕು” ಎಂದ.

ಕಂಡಕ್ಟರಮ್ಮನ ರಕ್ತ ತೆಗೆಯಲು ವಾರ್ಡಿಗೆ ದಿನವೂ ಅವಳೇ ಹೋಗುತ್ತಿದ್ದಳು. ಬೇರೆಯವರನ್ನು ಕಳಿಸಬಹುದಿತ್ತು, ಕಳಿಸಲಿಲ್ಲ. ಕಿಟಕಿಯ ಪಕ್ಕದ ಮಂಚ. ಐವತ್ತು ದಾಟದ ಗಟ್ಟಿಮುಟ್ಟಾದ ಹೆಂಗಸು, ಈಗ ಕಣ್ಣು, ಅಂಗೈ, ಉಗುರಿನ ಬುಡ ಎಲ್ಲ ಹಳದಿ. ಉಸಿರಿನಲ್ಲಿ ಕೊಳೆಯುವ ಹಣ್ಣಿನ ಸಿಹಿ. ಮೊದಲ ವಾರ ಗೊಗ್ಗರು ದನಿಯಲ್ಲಿ “ಬೇಗ ಕಳಿಸ್ರೀ ಮೇಡಂ, ನನ್ನ ರೂಟಲ್ಲಿ ಬೇರೆಯವಳನ್ನ ಹಾಕಿದಾರೆ, ಅವಳಿಗೆ ಚಿಲ್ಲರೆ ಕೊಡೋಕೂ ಬರಲ್ಲ” ಎನ್ನುತ್ತಿದ್ದಳು. ಎರಡನೆಯ ವಾರ ಹಗಲಿಗೂ ಇರುಳಿಗೂ ವ್ಯತ್ಯಾಸ ತಿಳಿಯದಾಯಿತು. ಸೆಟೆದು ಹಿಡಿದ ಕೈ ತಾನಾಗಿಯೇ ರೆಕ್ಕೆಯಂತೆ ಬಡಿದುಕೊಳ್ಳುತ್ತಿತ್ತು. ಲಿವರ್ ಕೆಲಸ ನಿಲ್ಲಿಸಿದಾಗ ವಿಷ ತಲೆಗೇರುತ್ತದೆ, ಹಾಗಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಆ ಹೆಂಗಸು ಕಣ್ಣು ಮುಚ್ಚಿಕೊಂಡೇ, ಖಾಲಿ ವಾರ್ಡಿಗೆ, “ಮುಂದೆ ಹೋಗಿ, ಮುಂದೆ ಹೋಗಿ, ಹಿಂದೆ ಜಾಗ ಇಲ್ಲ” ಎಂದಾಗ, ಅವಳು ನಿಜವಾಗಿಯೂ ಒಂದು ಹೆಜ್ಜೆ ಮುಂದೆ ಸರಿದಿದ್ದಳು.

ಇನ್ನೆರಡು ದಿನವೂ ಕಷ್ಟ ಎಂದು ಡಾಕ್ಟರು ಹೇಳಿದ ಮಧ್ಯಾಹ್ನ ಅವಳು ರಕ್ತ ತೆಗೆದಾದ ಮೇಲೂ ಹೋಗಲಿಲ್ಲ. ರೋಗಿಯ ತಂಗಿ ಔಷಧಿ ತರಲು ಕೆಳಗೆ ಹೋಗಿದ್ದಳು. ಬಿಸಿಲು ಮಂಚದ ಕಾಲಿನವರೆಗೆ ಬಂದು ಅಲ್ಲೇ ಅನುಮಾನಿಸಿ ನಿಂತಂತಿತ್ತು. ಅವಳು ಸ್ಟೂಲ್ ಎಳೆದುಕೊಂಡು ಕೂತಳು. ಆ ಹೆಂಗಸಿನ ಕಣ್ಣು ಅರ್ಧ ತೆರೆದಿದ್ದವು, ಹಳದಿಯಾದ ಬಿಳಿಗುಡ್ಡೆಯಷ್ಟೇ ಕಾಣುತ್ತಿತ್ತು. “ಎಲ್ಲಿ ಇಳೀಬೇಕು?” ಎಂದಳು, ಸ್ಪಷ್ಟವಾಗಿ, ಬೇಸರದಿಂದ.

“ಗೊತ್ತಿಲ್ಲ” ಎಂದಳು ಅವಳು. ಆಮೇಲೆ ತನ್ನ ಕೈಗಳನ್ನು ನೋಡುತ್ತ, ಹೆಚ್ಚೇನೂ ಮೇಲೇರದ ದನಿಯಲ್ಲಿ ಹೇಳಿದಳು. “ನಿಮಗೆ ಕೊಟ್ಟ ರಕ್ತ ನೋಡಿದ್ದು ನಾನು. ಒಂದು ಗೆರೆ ಕಂಡಿತ್ತು. ತೀರಾ ಸಣ್ಣದು. ಇನ್ನೊಂದು ಸಲ ನೋಡ್ಬೇಕಿತ್ತು, ನೋಡ್ಲಿಲ್ಲ. ಇಲ್ಲ ಅಂತ ಬರೆದೆ. ಟೆಸ್ಟಿಗೆ ಸಿಗದ ಜಾತಿ ಅಂತ ಎಲ್ಲರೂ ಹೇಳ್ತಾರೆ. ನಂಗೆ ಕಂಡಿತ್ತು.” ಖುಷಿಯಾಗಿದ್ದನ್ನೂ ಹೇಳಿದಳು. ಭಾವನ ಹೆಸರೆತ್ತದೆ, ‘ಕೊಟ್ಟವರ ಮೇಲೆ ನಂಗೊಂದು ಸಿಟ್ಟಿತ್ತು’ ಎಂದಷ್ಟೇ ಹೇಳಿದಳು. ಬಡಿದುಕೊಳ್ಳುತ್ತಿದ್ದ ಕೈ ಅಷ್ಟು ಹೊತ್ತೂ ಸುಮ್ಮನಿತ್ತು. ಮಾತು ಮುಗಿದ ಮೇಲೆ ಮತ್ತೆ ಶುರುವಾಯಿತು. ಮೆಟ್ಟಿಲಿಳಿಯುವಾಗ ಅವಳಿಗೆ ಹಗುರವಾಗಿತ್ತು. ಸತ್ತುಹೋಗುವವಳ ಕಿವಿಯಲ್ಲಿ ಹೇಳಿದ್ದರಿಂದಲೇ ಈ ಹಗುರ ಎಂಬುದು ಎರಡನೆಯ ಅಂತಸ್ತು ದಾಟುವಷ್ಟರಲ್ಲಿ ತಿಳಿದು, ಮೆಟ್ಟಿಲಿನ ಕಂಬಿ ಹಿಡಿದು ನಿಂತಳು. ಆ ಹೆಂಗಸು ಬೇಗ ಸತ್ತರೆ ಒಳ್ಳೆಯದು ಎಂದು ತನ್ನೊಳಗೆ ಯಾರೋ ಎಣಿಸುತ್ತಿದ್ದರು.

ಕಂಡಕ್ಟರಮ್ಮ ಸಾಯಲಿಲ್ಲ. ಮೂರನೆಯ ದಿನ ರಿಪೋರ್ಟಿನ ಅಂಕಿಗಳು ಇಳಿಮುಖವಾದವು. ಐದನೆಯ ದಿನ ನೀರು ಕೇಳಿದಳು, ಎಂಟನೆಯ ದಿನ ನರ್ಸಿನ ಜೊತೆ ಜಗಳವಾಡಿದಳು. “ಲಿವರ್ ಅನ್ನೋದು ಹಠಮಾರಿ ಕಣ್ರೀ, ಒಂದು ಚೂರು ಉಳಿದ್ರೆ ಸಾಕು ಮತ್ತೆ ಬೆಳ್ಕೊಳ್ಳುತ್ತೆ” ಎಂದು ಡಾಕ್ಟರು ಮೀಸೆ ತಿರುವಿದರು. “ಆ ವಾರದ್ದು ಏನೂ ನೆನಪಿರಲ್ಲ ಇಂಥವರಿಗೆ. ಒಳ್ಳೇದೇ ಆಯ್ತು.” ಆಮೇಲಿನ ರಕ್ತಕ್ಕೆ ಅವಳು ಜೊತೆಯ ಹುಡುಗಿಯನ್ನೇ ಕಳಿಸಿದಳು. ಕಂಡಕ್ಟರಮ್ಮ ಮನೆಗೆ ಹೋದ ದಿನ ಕಿಟಕಿಯ ಮರೆಯಿಂದ ನೋಡಿದಳು. ತಂಗಿಯ ಹೆಗಲು ಹಿಡಿದು, ಬಸ್ಸಿನ ಮೆಟ್ಟಿಲಿಳಿಯುವವಳಂತೆ ಅಡ್ಡಡ್ಡ ಕಾಲಿಡುತ್ತ ಇಳಿಯುತ್ತಿದ್ದಳು. ಗೇಟಿನ ಹತ್ತಿರ ನಿಂತು, ಸುಮ್ಮನೆ, ಲ್ಯಾಬಿನ ಕಿಟಕಿಗಳ ಸಾಲನ್ನು ಒಮ್ಮೆ ನೋಡಿದಳು.

ಅದೇ ತಿಂಗಳು ಭಾವನಿಗೆ ಆಪರೇಷನ್ನಾಯಿತು. ಮಚ್ಚೆಯಿದ್ದ ಭಾಗವನ್ನು ತೆಗೆದು, ದಿನಕ್ಕೊಂದು ಮಾತ್ರೆ, ಬದುಕಿರುವವರೆಗೆ ಎಂದು ಬರೆದುಕೊಟ್ಟರು. ಸದ್ಯಕ್ಕೆ ಪರವಾಗಿಲ್ಲ, ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು. ಇಪ್ಪತ್ತು ಕೆಜಿ ಇಳಿದು ಅವನ ಅಂಗಿಗಳೆಲ್ಲ ದೊಡ್ಡವಾಗಿದ್ದವು. ಮನೆಗೆ ಯಾರಾದರೂ ನೋಡಲು ಬಂದರೆ ಅವಳನ್ನು ತೋರಿಸಿ, ನಗದೆ, ಮೆಲ್ಲಗೆ, “ಇವಳಿಂದ ಉಳಿದೆ” ಎನ್ನುತ್ತಿದ್ದ. ಅವಳು ಒಳಗೆ ಹೋಗಿಬಿಡುತ್ತಿದ್ದಳು. ಎಷ್ಟು ವಿನಯ ಎಂದು ಬಂದವರು ಹೇಳುವುದು ಕೇಳಿಸುತ್ತಿತ್ತು.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ, ಲ್ಯಾಬು ತುಂಬ ಜನವಿದ್ದಾಗ, ಕಂಡಕ್ಟರಮ್ಮ ಬಂದು ಸ್ಟೂಲಿನ ಮೇಲೆ ಕೂತು ತೋಳು ಚಾಚಿದಳು. ಕಣ್ಣು ಬೆಳ್ಳಗಾಗಿದ್ದವು. ಜೊತೆಯ ಹುಡುಗಿ ಸೂಜಿ ಹಿಡಿದು ಬಂದಾಗ, “ನೀನು ಬೇಡಮ್ಮ, ಅವರು ತಗೊಳ್ಳಲಿ, ಅವರ ಕೈ ನಂಗೆ ಅಭ್ಯಾಸ” ಎಂದಳು. ಅವಳು ಬಂದು ರಬ್ಬರು ಪಟ್ಟಿ ಕಟ್ಟಿದಳು. ನರ ಹುಡುಕಿದಳು. ಚರ್ಮ ಬೆಚ್ಚಗಿತ್ತು. ರಕ್ತ ನಳಿಕೆಗೆ ಬರತೊಡಗಿದ ಮೇಲೆ, ತೋಳು ಅಲುಗಾಡುವಂತಿಲ್ಲದ ಆ ಹೊತ್ತಿನಲ್ಲಿ, ಆ ಹೆಂಗಸು ಅವಳಿಗಷ್ಟೇ ಕೇಳುವಂತೆ ಅಂದಳು.

“ಅವತ್ತು ವಾರ್ಡಿಗೆ ಬಂದಿದ್ರಿ ನೀವು.”

“ದಿನಾ ಬರ್ತಿದ್ದೆ.”

“ದಿನಾದ್ದಲ್ಲ. ಒಂದಿನ ಸ್ಟೂಲ್ ಎಳ್ಕೊಂಡು ಕೂತ್ರಿ. ಏನೋ ಗೆರೆ ಅಂದ್ರಿ.”

“ನಿಮಗೆ ಆಗ ಎಚ್ಚರ ಇರ್ಲಿಲ್ಲ” ಎಂದಳು ಅವಳು. ಮಾತು ಸಿದ್ಧವಾಗಿ ನಾಲಿಗೆಯ ಮೇಲೇ ಕಾದಿತ್ತು. “ಆ ವಾರ ಎಲ್ಲರಿಗೂ ಏನೇನೋ ಕೇಳ್ಸುತ್ತೆ, ಏನೇನೋ ಕಾಣ್ಸುತ್ತೆ. ಡಾಕ್ಟರನ್ನ ಕೇಳಿ.”

“ಕೇಳ್ದೆ. ಅವರೂ ಹಾಗೇ ಅಂದ್ರು.” ಕಂಡಕ್ಟರಮ್ಮ ತನ್ನ ರಕ್ತ ನಳಿಕೆಯಲ್ಲಿ ಏರುವುದನ್ನೇ ನೋಡುತ್ತಿದ್ದಳು. “ನಂಗೂ ಗೊತ್ತು. ಗೋಡೆ ತುಂಬ ಪ್ಯಾಸೆಂಜರ್ಸ್ ಕೂತಿದ್ರು. ಸತ್ತುಹೋದ ನಮ್ಮಪ್ಪ ಬಂದು ಪಾಸ್ ತೋರಿಸ್ತಿದ್ದ. ಅದೆಲ್ಲ ಸುಳ್ಳು ಅಂತ ಒಂದೊಂದಾಗಿ ತೆಗೆದಿಟ್ಟಿದೀನಿ. ಇದೊಂದನ್ನ ಯಾವ ಕಡೆ ಇಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ. ಇದೂ ಸುಳ್ಳಾದ್ರೆ, ಅಷ್ಟು ಸ್ಪಷ್ಟವಾಗಿ ಕೇಳಿದ್ದೂ ಸುಳ್ಳು ಅಂತಾದ್ರೆ, ಇವತ್ತು ನೀವು ಇಲ್ಲಿ ಇರೋದನ್ನ ಹೇಗೆ ನಂಬ್ಲಿ? ಕೆಲಸಕ್ಕೆ ಹೋಗಿಲ್ಲ ಮೂರು ತಿಂಗಳಿಂದ. ಯಾರಾದ್ರೂ ಮಾತಾಡಿದ್ರೆ, ನಿಜವಾಗ್ಲೂ ಮಾತಾಡಿದ್ರಾ ಅಂತ ತಂಗೀನ ಕೇಳ್ತೀನಿ. ನಂಗೆ ತಲೆ ಕೆಟ್ಟಿದ್ಯೋ, ನೀವು ಹೇಳಿದ್ದು ಹೌದೋ? ಎರಡರಲ್ಲಿ ಒಂದು ಹೇಳಿ ಸಾಕು.”

ನಳಿಕೆ ತುಂಬಿತ್ತು. ಹುಡುಗಿ ಮುಂದಿನವರ ಹೆಸರು ಕೂಗಿದಳು. ಈ ಹೆಂಗಸಿನ ಮುಖ ತೀರ ಹತ್ತಿರದಲ್ಲಿತ್ತು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಅಲ್ಲಿದ್ದದ್ದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಒಂದು ಭಯ. ಕಂಡದ್ದು ನಿಜವಾಗಿ ಕಂಡಿತ್ತೇ ಎಂದು ಗೋಡೆಯ ಮುಂದೆ ನಿಂತು ಕಣ್ಣು ಮುಚ್ಚಿ ತೆರೆಯುವವರ ಭಯ. ತಾನು ಒಂದು ಮಾತು ಹೇಳಿದರೆ ಈ ಹೆಂಗಸು ಅದರಿಂದ ಹೊರಗೆ ಬರುತ್ತಾಳೆ. ತನಗೆ ಹಾಗೆ ಹೇಳುವವರು ಯಾರೂ ಇಲ್ಲ, ಇರುವಂತೆಯೂ ಇಲ್ಲ. ಅವಳು ಸೂಜಿ ಹೊರಗೆಳೆದು, ಹತ್ತಿ ಒತ್ತಿ ಹಿಡಿದಳು.

“ಹೇಳಿದ್ದು ನಿಜ” ಎಂದಳು. “ನಾನೇ ಹೇಳಿದ್ದು. ಗೆರೆ ಕಂಡಿತ್ತು ಅಂದೆ, ಇನ್ನೊಂದು ಸಲ ನೋಡ್ಲಿಲ್ಲ ಅಂದೆ. ಸಿಟ್ಟಿನ ಮಾತೂ ಹೇಳಿದ್ದೆ. ನಿಮ್ಮ ತಲೆ ಸರಿಯಾಗಿದೆ.”

ಕಂಡಕ್ಟರಮ್ಮ ಕಣ್ಣು ಮುಚ್ಚಿದಳು. ದೊಡ್ಡ ಹೊರೆಯೊಂದನ್ನು ಇಳಿಸಿದವರ ಹಾಗೆ ಬಾಯಿಂದ ಉಸಿರುಬಿಟ್ಟು, “ಅಬ್ಬಾ” ಎಂದಳು. ನಕ್ಕಂತೆಯೂ ಇತ್ತು. ಹತ್ತಿಯನ್ನು ತಾನೇ ಹಿಡಿದುಕೊಂಡು, ತೋಳು ಮಡಚಿ ಎದ್ದಳು. ಸಾಲಿನಲ್ಲಿದ್ದವರನ್ನು ದಾಟಿ ಬಾಗಿಲವರೆಗೆ ಹೋದವಳು ಏನೋ ಮರೆತವಳಂತೆ ಹಿಂದಿರುಗಿ ಬಂದು, ಮೇಜಿಗೆ ಬಗ್ಗಿದಳು.

“ಕ್ಷಮಿಸಿದೀನಿ ಅಂತ ತಿಳ್ಕೋಬೇಡಿ” ಎಂದಳು. “ಅದು ಬೇರೆ ಮಾತು. ಮೊದಲು ಇದು ನಿಜಾನಾ ಅಂತ ಗೊತ್ತಾಗ್ಬೇಕಿತ್ತು. ಕ್ಷಮಿಸೋದನ್ನ ಇನ್ನು ಯೋಚ್ನೆ ಮಾಡ್ಬೇಕು. ಯೋಚ್ನೆ ಮಾಡಿ ಇನ್ನೊಂದಿನ ಬರ್ತೀನಿ.”

“ಬನ್ನಿ” ಎಂದಳು ಅವಳು.